ವಿ.ಟಿ. ಎಂಬ ಆಫೀಸು

ಊರಿನಿಂದ ಮುಂಬಯಿ ನೋಡಲು ಬಂದವರು ವಿ.ಟಿ.ಯ ಎದುರು ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಹಿಂದಿರುಗುವುದಿಲ್ಲ. ಆದರೆ ಆ ಫೋಟೋದಲ್ಲಿ ಕಾಣುವ ಗುಮ್ಮಟದ ಕಟ್ಟಡ ನಿಜಕ್ಕೂ ಸ್ಟೇಷನ್ ಅಲ್ಲ, ರೈಲ್ವೆಯ ಆಫೀಸು! ರೈಲು ಬಂದು ನಿಲ್ಲುವುದು ಅದರ ಪಕ್ಕದಲ್ಲಿ, ಸಾದಾ ಮಾಡಿನ ಅಡಿಯಲ್ಲಿ.

ಈ ಜಾಗದ ಹಳೆಯ ಹೆಸರು ಬೋರಿಬಂದರ್. 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇಲ್ಲಿಂದಲೇ, 34 ಕಿಲೋಮೀಟರ್ ದೂರದ ಠಾಣೆಗೆ. ಆಗ ಇದ್ದದ್ದು ಸಣ್ಣ ನಿಲ್ದಾಣ. ಮುಂದೆ ಹತ್ತಿಯ ವ್ಯಾಪಾರ ಕುದುರಿತು, ಜಿ.ಐ.ಪಿ. ರೈಲ್ವೆ ಕಂಪೆನಿಗೆ ತನ್ನ ದೊಡ್ಡಸ್ತಿಕೆ ಊರಿಗೆಲ್ಲ ಕಾಣಬೇಕು ಅನ್ನಿಸಿತು. ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದರು. 1878ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು, ಹದಿನಾರು ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. 1887ರಲ್ಲಿ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆಪದಲ್ಲಿ ವಿಕ್ಟೋರಿಯಾ ಟರ್ಮಿನಸ್ ಎಂದು ಹೆಸರಿಟ್ಟರು.

ಬ್ಯಾಂಕಿನಲ್ಲಿ ಇದ್ದವನ ಕಣ್ಣಿಗೆ ಇದು ಕಲ್ಲಿನಲ್ಲಿ ಕೆತ್ತಿದ ಬ್ಯಾಲೆನ್ಸ್ ಶೀಟಿನಂತೆ ಕಾಣುತ್ತದೆ. ಗುಮ್ಮಟದ ತುದಿಯಲ್ಲಿ ದೀವಟಿಗೆ ಹಿಡಿದ ಹೆಂಗಸು, ಅವಳ ಹೆಸರು 'ಪ್ರಗತಿ'. ಗೇಟಿನ ಒಂದು ಕಂಬದ ಮೇಲೆ ಸಿಂಹ, ಅಂದರೆ ಬ್ರಿಟನ್; ಇನ್ನೊಂದರ ಮೇಲೆ ಹುಲಿ, ಅಂದರೆ ನಾವು. ಗೋಡೆಯಲ್ಲಿ ಕಂಪೆನಿಯ ಡೈರೆಕ್ಟರುಗಳ ಮುಖಗಳು; ಅವರ ನಡುವೆ ಜಗನ್ನಾಥ ಶಂಕರಶೇಟ್ ಮತ್ತು ಜಮ್ಷೆಡ್‌ಜೀ ಜೀಜೀಭಾಯ್ ಸಹ ಇದ್ದಾರೆ. ಮೇಲಿನ ಗೂಡೊಂದರಲ್ಲಿದ್ದ ರಾಣಿ ಮಾತ್ರ ಈಗ ಇಲ್ಲ, ಸ್ವಾತಂತ್ರ್ಯದ ನಂತರ ತೆಗೆದುಬಿಟ್ಟರು. ಆದರೆ ನನಗೆ ಹೆಚ್ಚು ಇಷ್ಟವಾಗುವವರು ಇವರಾರೂ ಅಲ್ಲ. ಕಮಾನುಗಳ ಸಂದಿಯಲ್ಲಿ ಕೂತ ನವಿಲು, ಕೋತಿ, ಗೂಬೆ, ಎಲೆಬಳ್ಳಿ! ಇವುಗಳಲ್ಲಿ ಬಹಳಷ್ಟು ಇಲ್ಲಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಗುಮ್ಮಟವನ್ನು ಅಡಿಯಲ್ಲಿ ಮರದ ಆಸರೆ ಕೊಡದೆ ಕಟ್ಟಿದರಂತೆ, ಆ ಕಾಲಕ್ಕೆ ಅದು ದೊಡ್ಡ ಸಾಹಸವೇ ಸರಿ. ಅದರ ಕೆಳಗಿರುವುದು ಅಧಿಕಾರಿಗಳು ಹತ್ತಿಳಿಯುವ ಮೆಟ್ಟಿಲು. ಟಿಕೇಟು ಹಿಡಿದವನಿಗೆ ಆ ದಾರಿಯಲ್ಲಿ ಏನೂ ಕೆಲಸವಿಲ್ಲ.

ಪ್ರಯಾಣಿಕನ ಪಾಲಿಗೆ ಬಂದ ಚಂದವೆಂದರೆ ಇಟಲಿಯ ಅಮೃತಶಿಲೆ ಹಾಕಿದ ಟಿಕೇಟು ಹಾಲು. ಚಾವಣಿಯಲ್ಲಿ ನಕ್ಷತ್ರಗಳಿರುವುದರಿಂದ ಅದಕ್ಕೆ ಸ್ಟಾರ್ ಚೇಂಬರ್ ಎನ್ನುತ್ತಾರೆ. ಆದರೆ ಕ್ಯೂನಲ್ಲಿ ನಿಂತು ಚಿಲ್ಲರೆ ಎಣಿಸುವವನು ಮೇಲೆ ನೋಡುತ್ತಾನೆಯೇ?

ಕಲಬುರ್ಗಿ ಕಡೆಯವರು ಸೊಲ್ಲಾಪುರ, ಪುಣೆ ದಾಟಿ ಹಿಂದಿನಿಂದಲೂ ಇಲ್ಲಿಗೆ ರೈಲಿನಲ್ಲೇ ಬಂದವರು. ಕರಾವಳಿಯವರಿಗೆ ಹಾಗಿರಲಿಲ್ಲ, 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವವರೆಗೆ ಬಸ್ಸೇ ಗತಿ. ಅವರಿಗೆ ವಿ.ಟಿ. ಎಂದರೆ ಫೋರ್ಟಿನ ಹೋಟೆಲಿಗೋ ಬ್ಯಾಂಕಿಗೋ ಲೋಕಲ್‌ನಲ್ಲಿ ಬಂದು ಇಳಿಯುವ ಜಾಗ. 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 2017ರಲ್ಲಿ ಹೆಸರಿಗೆ 'ಮಹಾರಾಜ್' ಕೂಡಿತು. ನಮ್ಮ ವಯಸ್ಸಿನವರ ಬಾಯಲ್ಲಿ ಮಾತ್ರ ಇನ್ನೂ ವಿ.ಟಿ.ಯೇ.

2008ರ ನವೆಂಬರ್ 26ರ ರಾತ್ರಿ ಹಂತಕರು ನುಗ್ಗಿದ್ದು ಗುಮ್ಮಟದ ಕಡೆಗಲ್ಲ, ದೂರದ ರೈಲುಗಳಿಗೆ ಕಾಯುವ ಆ ಸಾದಾ ಹಾಲಿಗೆ. ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟು ಕೂತವರು ಅವರಲ್ಲಿ ಎಷ್ಟೋ ಮಂದಿ. ರೈಲಿನ ಹೊತ್ತು ಹೇಳುವ ಅನೌನ್ಸರ್ ಒಬ್ಬರು ತಮ್ಮ ಕ್ಯಾಬಿನ್ ಬಿಟ್ಟು ಓಡದೆ, ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಮೈಕಿನಲ್ಲಿ ಕೂಗಿ ಹೇಳುತ್ತಲೇ ಇದ್ದರು.