ಪನೋರಮಾ ಫೋಟೊಗ್ರಫಿ: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ?

ಬೇಕಲ ಕೋಟೆಯ ಮೇಲೆ ನಿಂತರೆ ಕಾಣುವ ಕಡಲತೀರ ಒಂದೇ ಫ್ರೇಮ್‌ಗೆ ಹಿಡಿಸುವುದಿಲ್ಲ. ಪೊಸಡಿ ಗುಂಪೆಯ ತುದಿಯಲ್ಲೂ ಅದೇ ಕಥೆ. ಇಂಥ ದೃಶ್ಯವನ್ನು ಪಕ್ಕಪಕ್ಕದ ಹಲವು ಫೋಟೊಗಳಾಗಿ ತೆಗೆದು ಜೋಡಿಸಿದರೆ ಪನೋರಮಾ ಆಗುತ್ತದೆ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಕ್ಯಾಮರಾ ಬೇಕೆಂದು ಇಎಂಐಗೆ ಸಹಿ ಹಾಕುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

ಕ್ಯಾಮರಾ: ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಮೊಬೈಲಿನ ಪನೋರಮಾ ಧಾರಾಳ ಸಾಕು. ದೊಡ್ಡ ಪ್ರಿಂಟ್ ಬೇಕಿದ್ದರೆ ಮ್ಯಾನುವಲ್ ಮೋಡ್ ಮತ್ತು ರಾ ಫೈಲ್ ಸೌಲಭ್ಯ ಇರುವ 24 ಮೆಗಾಪಿಕ್ಸೆಲ್‌ನ ಹಳೆಯ ಮಾಡೆಲ್ ಆದರೂ ನಡೆಯುತ್ತದೆ. ಅದನ್ನು ನೆಟ್ಟಗೆ ಹಿಡಿದು, ಪ್ರತಿ ಫೋಟೊ ಹಿಂದಿನದರ ಮೇಲೆ ಶೇ. 30ರಷ್ಟು ಬರುವಂತೆ 6 ಫೋಟೊ ತೆಗೆದರೆ ಚಿತ್ರದ ಅಗಲ ಸುಮಾರು 18,000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 5 ಅಡಿ ಅಗಲದ ಪ್ರಿಂಟ್!

ಲೆನ್ಸ್: ಕ್ಯಾಮರಾ ಜತೆ ಬರುವ 18-55 ಎಂಎಂ ಲೆನ್ಸ್ ಆರಂಭಕ್ಕೆ ಸಾಕು. 18 ಎಂಎಂನಲ್ಲಿ ನೆಟ್ಟಗೆ ಹಿಡಿದರೆ 5-6 ಫೋಟೊಗಳಲ್ಲಿ ಅರ್ಧ ವೃತ್ತದಷ್ಟು ದೃಶ್ಯ ಸಿಗುತ್ತದೆ. ತೀರಾ ವೈಡ್ ಲೆನ್ಸಿನಲ್ಲಿ ದೂರದ ಗುಡ್ಡ ಚಿಕ್ಕದಾಗಿ ಕಾಣುತ್ತದೆ.

ಟ್ರೈಪಾಡ್: ಉಳಿಸಿದ ಹಣವನ್ನು ಇಲ್ಲಿ ಹಾಕಬೇಕು. ಕಡಲ ಗಾಳಿಗೆ ಅಲ್ಲಾಡುವ ಅಗ್ಗದ ಟ್ರೈಪಾಡ್ ಇದ್ದೂ ಇಲ್ಲದ ಹಾಗೆ. ತಿರುಗಿಸುವಾಗ ಡಿಗ್ರಿ ತೋರಿಸುವ ಹೆಡ್, ಮಟ್ಟ ನೋಡುವ ಗುಳ್ಳೆ, ಬ್ಯಾಗ್ ನೇತುಹಾಕಲು ಕೊಕ್ಕೆ ಇರುವುದನ್ನು ಆರಿಸಿಕೊಳ್ಳಿ. ಕೋಟೆಯ ಗೋಡೆಯಂತಹ ಹತ್ತಿರದ ವಸ್ತು ಫ್ರೇಮಿನಲ್ಲಿದ್ದರೆ ಜೋಡಣೆ ತಪ್ಪುತ್ತದೆ. ಆಗ ಮಾತ್ರ ನೋಡಲ್ ಸ್ಲೈಡ್ ಬೇಕು. ದೂರದ ಗುಡ್ಡಕ್ಕೆ ಅದರ ಖರ್ಚು ಬೇಡ.

ಫಿಲ್ಟರ್: ಪೋಲರೈಸರ್ ಹಾಕಿ ಪನೋರಮಾ ತೆಗೆದರೆ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬಿಳಿಚಿಕೊಳ್ಳಬಹುದು. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಲಾಕ್ ಮಾಡಿಕೊಂಡರೆ ಜೋಡಣೆ ಸಲೀಸು. ಜೋಡಿಸಲು ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

ಸೆಕೆಂಡ್‌ಹ್ಯಾಂಡ್ ಮತ್ತು ಗಲ್ಫ್ ಖರೀದಿ: ಹಳೆಯ ಲೆನ್ಸ್ ಕೊಳ್ಳುವಾಗ ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ಜೇಡರ ಬಲೆಯಂತಹ ಎಳೆ ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ಶಟರ್ ಎಷ್ಟು ಓಡಿದೆ ಎಂದೂ ಕೇಳಿ. ಗಲ್ಫ್‌ನಿಂದ ತರಿಸುವವರು ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ, ಬಿಲ್ ಜೋಪಾನವಾಗಿಡಬೇಕು.

ಜೋಪಾನ: ಕರಾವಳಿಯ ತೇವ ಮತ್ತು ಉಪ್ಪುಗಾಳಿ ಕ್ಯಾಮರಾದ ದೊಡ್ಡ ಶತ್ರು. ತೀರದಿಂದ ಬಂದ ಕೂಡಲೇ ತುಸು ಒದ್ದೆ ಬಟ್ಟೆಯಿಂದ ಹೊರಭಾಗ ಮತ್ತು ಟ್ರೈಪಾಡಿನ ಕಾಲು ಒರೆಸಿ ಒಣಗಿಸಬೇಕು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಟ್ಟರೆ ಮಳೆಗಾಲದಲ್ಲಿ ಲೆನ್ಸ್ ಉಳಿಯುತ್ತದೆ.

ಅನುಮತಿ: ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಟ್ರೈಪಾಡ್ ಇಡುವುದಕ್ಕೂ ಡ್ರೋನ್ ಹಾರಿಸುವುದಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು.

ಕೊನೆಯದಾಗಿ, ಮಳೆಗಾಲದಲ್ಲಿ ಜಾರುವ ಬಂಡೆಯ ಅಂಚಿಗೆ ಹೋಗಿ ಫ್ರೇಮ್ ಹುಡುಕುವುದು ಬೇಡ. ಹತ್ತು ಹೆಜ್ಜೆ ಹಿಂದೆ ನಿಂತು ಎರಡು ಫೋಟೊ ಜಾಸ್ತಿ ತೆಗೆದರೂ ಚಿತ್ರ ಚೆನ್ನಾಗಿಯೇ ಬರುತ್ತದೆ.