ಸಡಿಲ ಕೇಬಲ್ ಮತ್ತು ಹತ್ತು ಕಣಗಳು

2011ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಒಂದೇ ಸುದ್ದಿ ಬರೆದವು: ಐನ್‌ಸ್ಟೈನ್ ತಪ್ಪಿದರೇ? ಜಿನೀವಾ ಬಳಿಯ ಸರ್ನ್ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿಯ ಪ್ರಯೋಗಾಲಯಕ್ಕೆ ಹೊರಟ ನ್ಯೂಟ್ರಿನೊ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮುಂಚೆ ತಲುಪಿವೆ ಎಂದು ಒಪೆರಾ ತಂಡ ಪ್ರಕಟಿಸಿತ್ತು. ದೂರ 730 ಕಿಲೋಮೀಟರ್, ದಾರಿ ನೆಲದೊಳಗಿನ ಬಂಡೆ. ನ್ಯೂಟ್ರಿನೊಗೆ ಸುರಂಗ ಬೇಕಿಲ್ಲ. ಇಟಲಿಯ ಶಿಕ್ಷಣ ಸಚಿವಾಲಯ ಮಾತ್ರ ಇಲ್ಲದ ಸುರಂಗದ ಬಗ್ಗೆ ಹೆಮ್ಮೆಯ ಹೇಳಿಕೆ ಕೊಟ್ಟು ನಗೆಪಾಟಲಿಗೀಡಾಯಿತು.

ವಾಸ್ತವದಲ್ಲಿ ಒಪೆರಾ ಹುಟ್ಟಿದ್ದು ವೇಗ ಅಳೆಯಲಿಕ್ಕಲ್ಲ. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ಅವುಗಳಿಗೆ ದ್ರವ್ಯರಾಶಿಯೇ ಇಲ್ಲವೆಂದು ಒಪ್ಪಿತ ಸಿದ್ಧಾಂತ ಹೇಳುತ್ತಿತ್ತು. ಆದರೆ ದೂರದ ಪಯಣದಲ್ಲಿ ಒಂದು ಬಗೆ ಇನ್ನೊಂದಾಗಿ ಬದಲಾದರೆ ದ್ರವ್ಯರಾಶಿ ಇರಲೇಬೇಕು. 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ, ಮ್ಯುಯಾನ್ ನ್ಯೂಟ್ರಿನೊಗಳು ದಾರಿಯಲ್ಲಿ ಕಡಿಮೆಯಾಗುವುದನ್ನು ತೋರಿಸಿತು. ಕಳೆದುಹೋದವು ಏನಾದವು? ಟೌ ನ್ಯೂಟ್ರಿನೊಗಳಾದವು ಎಂಬುದು ಊಹೆ. ಅದನ್ನು ಕಣ್ಣಾರೆ ಹಿಡಿಯಲೆಂದೇ ಸೀಸದ ಹಾಳೆ ಮತ್ತು ಫೋಟೋ ಫಿಲ್ಮುಗಳನ್ನು ಪದರ ಪದರವಾಗಿ ಜೋಡಿಸಿದ ಸುಮಾರು ಒಂದೂವರೆ ಲಕ್ಷ ಇಟ್ಟಿಗೆಗಳನ್ನು ಬೆಟ್ಟದಡಿ ಇಟ್ಟಿದ್ದರು.

ವೇಗದ ಸುದ್ದಿಗೆ ಅನುಮಾನಗಳು ಆಗಲೇ ಇದ್ದವು. 1987ರಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸಿಡಿದಾಗ ಅದರ ನ್ಯೂಟ್ರಿನೊಗಳು ಬೆಳಕಿಗಿಂತ ಕೆಲವೇ ಗಂಟೆ ಮುಂಚೆ ಭೂಮಿ ಮುಟ್ಟಿದ್ದವು. ಒಪೆರಾ ಹೇಳಿದ ವೇಗ ನಿಜವಾಗಿದ್ದರೆ ಅವು ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ತಂಡದ ಕೆಲವರು ಆ ಪ್ರಬಂಧಕ್ಕೆ ಹೆಸರು ಹಾಕಲೂ ಒಪ್ಪಲಿಲ್ಲ. ತಂಡವಂತೂ ಐನ್‌ಸ್ಟೈನ್ ಸೋತರೆಂದು ಸಾರಿರಲಿಲ್ಲ. ತಪ್ಪು ಎಲ್ಲಿದೆಯೆಂದು ನೀವೂ ಹುಡುಕಿ ಎಂದು ಇತರರನ್ನು ಕೇಳಿಕೊಂಡಿತ್ತು. ಪತ್ರಿಕೆಗಳಿಗೆ ಆ ಭಾಗ ರುಚಿಸಲಿಲ್ಲ.

2012ರ ಫೆಬ್ರವರಿಯಲ್ಲಿ ತಪ್ಪು ಸಿಕ್ಕಿತು. ಜಿಪಿಎಸ್ ಸಮಯ ತರುವ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಸಂಕೇತ ತಡವಾಗಿ ಗಡಿಯಾರ ಹಿಂದೆ ಬಿದ್ದಿತ್ತು. ಮನೆಯ ಗಡಿಯಾರ ಹಿಂದಿದ್ದರೆ ಅತಿಥಿ ಬೇಗ ಬಂದಂತೆ ಕಾಣುತ್ತದಲ್ಲವೇ? ಅದೇ ಬೆಟ್ಟದಡಿಯ ಇಕಾರಸ್ ತಂಡವೂ ಅಳೆದು ನೋಡಿತು, ಬೆಳಕಿನ ವೇಗ ಮೀರಿರಲಿಲ್ಲ. ಮಾರ್ಚ್‌ನಲ್ಲಿ ಅವಿಶ್ವಾಸದ ಮತದಾನದ ಬೆನ್ನಿಗೆ ಒಪೆರಾದ ವಕ್ತಾರ ಅಂಟೋನಿಯೊ ಎರೆಡಿಟಾಟೊ ರಾಜೀನಾಮೆ ಕೊಟ್ಟರು. ದೋಷವನ್ನು ತಾವೇ ಹುಡುಕಿ ತಾವೇ ಬಹಿರಂಗಪಡಿಸಿದವರಿಗೆ ಇದು ಕಠಿಣ ಶಿಕ್ಷೆಯೆಂದೇ ನನಗನಿಸುತ್ತದೆ.

ಇಷ್ಟೆಲ್ಲ ಗದ್ದಲದ ನಡುವೆಯೂ ಫಿಲ್ಮುಗಳ ಪರಿಶೀಲನೆ ನಿಲ್ಲಲಿಲ್ಲ. ಮೊದಲ ಟೌ ಗುರುತು 2010ರಲ್ಲೇ ಸಿಕ್ಕಿತ್ತು. 2015ರ ಹೊತ್ತಿಗೆ ಐದಾದವು. 2018ರಲ್ಲಿ ಅಂತಿಮ ಲೆಕ್ಕ ಪ್ರಕಟವಾದಾಗ ಹತ್ತು. ಆ ದಿನ ಮುಖಪುಟದಲ್ಲಿ ಒಪೆರಾದ ಹೆಸರಿರಲಿಲ್ಲ.