ಇ-ತ್ಯಾಜ್ಯದ ಬಯೋಲೀಚಿಂಗ್

ಇ-ತ್ಯಾಜ್ಯದ ಬಯೋಲೀಚಿಂಗ್ ಎಂದರೆ ಹಳೆಯ ಕಂಪ್ಯೂಟರ್, ಮೊಬೈಲ್ ಫೋನ್ ಮೊದಲಾದ ಎಲೆಕ್ಟ್ರಾನಿಕ್ ತ್ಯಾಜ್ಯದಲ್ಲಿರುವ ಲೋಹಗಳನ್ನು ಬ್ಯಾಕ್ಟೀರಿಯ ಹಾಗೂ ಶಿಲೀಂಧ್ರಗಳ ನೆರವಿನಿಂದ ಕರಗಿಸಿ ಮರಳಿ ಪಡೆಯುವ ವಿಧಾನ. ಸೂಕ್ಷ್ಮಜೀವಿಗಳು ಲೋಹವನ್ನು ತಿನ್ನುವುದಿಲ್ಲ. ಅವುಗಳ ಜೀವನಕ್ರಿಯೆಯಿಂದ ಉಂಟಾಗುವ ರಾಸಾಯನಿಕಗಳು ಲೋಹವನ್ನು ಕರಗಿಸುತ್ತವೆ. ಕಡಿಮೆ ದರ್ಜೆಯ ಅದಿರಿನಿಂದ ತಾಮ್ರ ತೆಗೆಯಲು ಗಣಿಗಳಲ್ಲಿ ಬಳಕೆಯಲ್ಲಿರುವ ತಂತ್ರವೇ ಇದಕ್ಕೆ ಆಧಾರ.

ಹಿನ್ನೆಲೆ

ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ದಾಖಲಾಗಿರುವುದು ಶೇ. 22.3 ಮಾತ್ರ. ಸರ್ಕ್ಯೂಟ್ ಬೋರ್ಡುಗಳಲ್ಲಿ ತಾಮ್ರ, ಚಿನ್ನ, ಬೆಳ್ಳಿ ಮತ್ತು ಪಲ್ಲಾಡಿಯಂ ಲೋಹಗಳಿದ್ದು, ಜೊತೆಗೆ ಸೀಸದಂತಹ ವಿಷಕಾರಿ ಲೋಹಗಳೂ ಇರುತ್ತವೆ. ದೊಡ್ಡ ಕಾರ್ಖಾನೆಗಳು ಇವುಗಳನ್ನು ಅತ್ಯಧಿಕ ತಾಪದಲ್ಲಿ ಕರಗಿಸುತ್ತವೆ. ದೆಹಲಿಯ ಸೀಲಂಪುರದಂತಹ ಅಸಂಘಟಿತ ಕೇಂದ್ರಗಳಲ್ಲಿ ತಂತಿಗಳನ್ನು ಬಯಲಿನಲ್ಲಿ ಸುಡುವುದೂ ಬೋರ್ಡುಗಳನ್ನು ಪ್ರಬಲ ಆಮ್ಲದಲ್ಲಿ ಅದ್ದುವುದೂ ಉಂಟು. ಅದರ ಹೊಗೆ ಮತ್ತು ಆವಿ ಕಾರ್ಮಿಕರ ಶ್ವಾಸಕೋಶವನ್ನು ಸೇರುತ್ತವೆ. ಉಳಿದ ಆಮ್ಲ ಮಣ್ಣು ಮತ್ತು ನೀರನ್ನು ಕೆಡಿಸುತ್ತದೆ. ಬಯೋಲೀಚಿಂಗ್ ಕುರಿತ ಆಸಕ್ತಿಗೆ ಇದು ಮುಖ್ಯ ಕಾರಣ.

ಕಾರ್ಯವಿಧಾನ

ತಾಮ್ರ: ಕಲ್ಲಿದ್ದಲು ಗಣಿಗಳ ಆಮ್ಲೀಯ ನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳಿರುವುದನ್ನು 1947ರಲ್ಲಿ ಕೋಲ್ಮರ್ ಮತ್ತು ಹಿಂಕಲ್ ವರದಿ ಮಾಡಿದರು. ಇವುಗಳಲ್ಲಿ ಪ್ರಮುಖವಾದುದು ಆಸಿಡಿಥಿಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. ಇದು ಫೆರಸ್ ಕಬ್ಬಿಣವನ್ನು ಫೆರಿಕ್ ಕಬ್ಬಿಣವಾಗಿ ಮಾರ್ಪಡಿಸಿ ಶಕ್ತಿ ಪಡೆಯುತ್ತದೆ. ಫೆರಿಕ್ ಕಬ್ಬಿಣವು ತಾಮ್ರವನ್ನು ಕರಗಿಸಿ ತಾನು ಪುನಃ ಫೆರಸ್ ಆಗುತ್ತದೆ. ಬ್ಯಾಕ್ಟೀರಿಯ ಅದನ್ನು ಮತ್ತೆ ಫೆರಿಕ್ ಮಾಡುತ್ತದೆ. ಹೀಗೆ ಅದೇ ಕಬ್ಬಿಣ ಮತ್ತೆ ಮತ್ತೆ ಬಳಕೆಯಾಗುತ್ತದೆ. ಕರಗಿದ ತಾಮ್ರವನ್ನು ವಿದ್ಯುದ್ವಿಭಜನೆಯಿಂದ ಬೇರ್ಪಡಿಸಬಹುದು.

ಚಿನ್ನ: ಚಿನ್ನ ಈ ಕ್ರಮದಲ್ಲಿ ಕರಗದು. ಕ್ರೋಮೋಬ್ಯಾಕ್ಟೀರಿಯಂ ವಯೊಲೇಸಿಯಂ ಎಂಬ ಬ್ಯಾಕ್ಟೀರಿಯ ಗ್ಲೈಸಿನ್ ಎಂಬ ಅಮೈನೋ ಆಮ್ಲದಿಂದ ಅಲ್ಪ ಪ್ರಮಾಣದ ಸಯನೈಡನ್ನು ಉತ್ಪಾದಿಸುತ್ತದೆ. ಅದು ಆಮ್ಲಜನಕದ ಸನ್ನಿಧಿಯಲ್ಲಿ ಚಿನ್ನವನ್ನು ಕರಗಿಸುತ್ತದೆ. ತಾಮ್ರವೂ ಸಯನೈಡನ್ನು ಬಳಸಿಕೊಳ್ಳುವುದರಿಂದ ಮೊದಲು ತಾಮ್ರವನ್ನು ತೆಗೆಯುವುದು ಅನುಕೂಲ.

ಶಿಲೀಂಧ್ರಗಳು: ಆಸ್ಪರ್ಜಿಲಸ್ ನೈಜರ್ ಸ್ರವಿಸುವ ಸಿಟ್ರಿಕ್ ಮತ್ತು ಆಕ್ಸಾಲಿಕ್ ಮೊದಲಾದ ಸಾವಯವ ಆಮ್ಲಗಳೂ ಹಲವು ಲೋಹಗಳನ್ನು ಕರಗಿಸುತ್ತವೆ.

ಮಿತಿಗಳು

ಗಂಧಕಯುಕ್ತ ಅದಿರಿನಲ್ಲಿ ಬ್ಯಾಕ್ಟೀರಿಯಗಳಿಗೆ ಬೇಕಾದ ಕಬ್ಬಿಣ ಮತ್ತು ಗಂಧಕ ಸಹಜವಾಗಿ ದೊರೆಯುತ್ತವೆ. ಸರ್ಕ್ಯೂಟ್ ಬೋರ್ಡಿನಲ್ಲಿ ಅಂತಹ ಆಹಾರವಿಲ್ಲದ ಕಾರಣ ಹೊರಗಿನಿಂದ ಒದಗಿಸಬೇಕು. ತ್ಯಾಜ್ಯದ ಪುಡಿ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಕರಗಿದ ಲೋಹಗಳು ಜೀವಿಗಳಿಗೇ ವಿಷವಾಗುತ್ತವೆ. ಸ್ವಿಟ್ಜರ್ಲೆಂಡಿನ ಬ್ರಾಂಡಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 10 ಗ್ರಾಂ ಮೀರಿದ ಪುಡಿಯಿಂದ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಂಠಿತವಾಯಿತು. ಆದ್ದರಿಂದ ಮೊದಲು ಜೀವಿಗಳನ್ನು ಪ್ರತ್ಯೇಕವಾಗಿ ಬೆಳೆಸಿ, ಅನಂತರ ತ್ಯಾಜ್ಯವನ್ನು ಸೇರಿಸುವ ಎರಡು ಹಂತದ ಕ್ರಮವನ್ನು ಅವರು ಸೂಚಿಸಿದರು.

ಈ ವಿಧಾನಕ್ಕೆ ಹೆಚ್ಚಿನ ತಾಪ ಬೇಕಿಲ್ಲ. ಆದರೆ ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಇದು ಸಂಪೂರ್ಣ ನಿರಪಾಯಕಾರಿಯೂ ಅಲ್ಲ. ಉಳಿದ ಆಮ್ಲ, ಸಯನೈಡ್ ಹಾಗೂ ಸೀಸವಿರುವ ಶೇಷವನ್ನು ಸಂಸ್ಕರಿಸಲೇಬೇಕು.

ಭಾರತದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಅವರು ಖನಿಜ ಸಂಸ್ಕರಣೆಯಲ್ಲಿ ಸೂಕ್ಷ್ಮಜೀವಿಗಳ ಬಳಕೆಯನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022, ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.